ಈರಣ್ಣ ಹೊಲಿದ ಬಿಳಿ ಜಾಕೀಟು

ಕಳೆದ ವಾರ ರಜೆಗೆಂದು ಬಳ್ಳಾರಿಯಿಂದ ಗಡಿಯಾಚೆಯ ನಮ್ಮೂರು ಆದವಾನಿಗೆ ಬಂದಾಗ ನನ್ನ ಪುಸ್ತಕದ ಚೀಲದ ಪಟ್ಟಿ ಹರಿದಿತ್ತು. ಕಾನೂನು ಪುಸ್ತಕಗಳಲ್ಲಿ ನ್ಯಾಯ ಎಷ್ಟಿರುತ್ತದೋ ಗೊತ್ತಿಲ್ಲ, ತೂಕವಂತೂ ಧಾರಾಳವಾಗಿರುತ್ತದೆ. ಅಮ್ಮ ಚೀಲವನ್ನು ರಿಪೇರಿಗೆ ಕಳಿಸಿದಳು. ಮರುದಿನ ಅದು ಹೊಸ ಪಟ್ಟಿಯೊಡನೆ ವಾಪಸು ಬಂತು. ಹೆಗಲಿಗೆ ಹಾಕಿಕೊಳ್ಳಲು ಎತ್ತಿದೆ. ದಾರಕ್ಕೆ ಸವರಿದ ಮೇಣದ ವಾಸನೆ ಮೂಗಿಗೆ ಬಡಿಯಿತು. ಕೇಳುವ ಅಗತ್ಯವಿರಲಿಲ್ಲ, ಆದರೂ ಕೇಳಿದೆ.

“ಯಾರು ಹೊಲಿದದ್ದು?”

“ಇನ್ಯಾರು, ನಮ್ಮ ಈರಣ್ಣ. ಹೊಲಿಗಿ ನೋಡು ಹೆಂಗದ. ಇದಕ್ಕ ನೀನ ಜೋತುಬಿದ್ದರೂ ಹರಿಯೂದಿಲ್ಲ.”

‘ನಮ್ಮ’ ಈರಣ್ಣ. ಗಮನಿಸಿದಿರಾ? ಹತ್ತು ವರ್ಷದಿಂದ ಆ ‘ನಮ್ಮ’ ಎಂಬ ಮಾತು ನನ್ನ ಹೊಟ್ಟೆಯಲ್ಲಿ ಕೆಂಡದ ಹಾಗೆ ಕೂತಿದೆ. ಆರಿದೆ ಎಂದುಕೊಂಡಿದ್ದೆ. ಮೇಣದ ವಾಸನೆ ಊದಿದ್ದೇ ತಡ, ಮತ್ತೆ ಹೊತ್ತಿಕೊಂಡಿತು.

ಬಾಂಗ್ಲಾ ಯುದ್ಧ ಮುಗಿದು ಬಂದ ಬೇಸಿಗೆ ಅದು. ನನಗೆ ಹದಿನಾಲ್ಕು, ನನ್ನ ಅಣ್ಣನಿಗೆ ಹದಿನಾರು. ರೇಡಿಯೋದಲ್ಲಿ ಕೇಳಿದ ಯುದ್ಧವೆಲ್ಲ ನಮ್ಮೂರ ಹುಡುಗರ ತಲೆಗೇರಿತ್ತು. ಅಣ್ಣ ಹಳೆಯ ಮರದ ಪೆಟ್ಟಿಗೆಗಳ ಹಲಗೆ ಕೊರೆದು ಎಲ್ಲರಿಗೂ ಬಂದೂಕು ಮಾಡಿದ. ಸೈಕಲ್ ಟ್ಯೂಬಿನ ರಬ್ಬರನ್ನು ಎಳೆದು ಕೊಕ್ಕೆಗೆ ಸಿಕ್ಕಿಸಿ ಬಿಟ್ಟರೆ ಬೇವಿನ ಕಾಯಿ ಇಪ್ಪತ್ತು ಹೆಜ್ಜೆ ದೂರ ಹೋಗಿ ಚುರ್ರೆನ್ನುವಂತೆ ಬಡಿಯುತ್ತಿತ್ತು. ಕೋಟೆಗುಡ್ಡದ ಬುಡದ ಬಂಡೆಗಳ ನಡುವೆ, ಎರಡು ತಂಡ, ಬೆಳಗಿನ ಹೊತ್ತಿನ ಲಡಾಯಿ. ಎರಡೇ ಕಾನೂನು: ಕುತ್ತಿಗೆಗಿಂತ ಮೇಲೆ ಹೊಡೆಯಬಾರದು, ಕಾಯಿ ಬಿದ್ದವರು ತಾವೇ ‘ಬಿತ್ತು’ ಎಂದು ಹೇಳಿ ಹೋಗಿ ಕಲ್ಲಿನ ಮೇಲೆ ಕೂರಬೇಕು. ಬೇರೆ ತೀರ್ಪುಗಾರರಿಲ್ಲ.

ಈರಣ್ಣ ಅಣ್ಣನ ತರಗತಿಯವನು. ಅವನ ಅಪ್ಪ ಹತ್ತಿ ಗಿರಣಿಯಲ್ಲಿ ಯಂತ್ರದ ಗಾಲಿ ತಿರುಗಿಸುವ ಪಟ್ಟಾ ಹರಿದರೆ ಹೊಲಿದು ಜೋಡಿಸುವ ಕೆಲಸದವನು. ಗಿರಣಿಯವರು ಎಸೆದ ಹಳೆಯ ಪಟ್ಟಾಗಳನ್ನು ಈರಣ್ಣ ಮನೆಗೆ ತರುತ್ತಿದ್ದ. ಅದರ ಕ್ಯಾನ್ವಾಸು ಪದರಗಳನ್ನು ಈರುಳ್ಳಿ ಸುಲಿದಂತೆ ಬಿಡಿಸಿ, ಸೀಳಿ, ಅಂಚು ಮಡಚಿ, ಮೇಣ ಸವರಿದ ದಾರದಿಂದ ದಬ್ಬಣದಲ್ಲಿ ಎರಡು ಸಾಲು ಹೊಲಿಗೆ ಹಾಕಿದನೆಂದರೆ ಬಂದೂಕಿಗೆ ಹೆಗಲಪಟ್ಟಿ ಸಿದ್ಧ. ಹೆಗಲ ಮೇಲೆ ಕೂರುವಲ್ಲಿ ಅಗಲ, ತುದಿಗಳಲ್ಲಿ ಸಪೂರ. ನಡುವೆ ಹಳೆಯ ಬೆಲ್ಟಿನ ಬಕಲು. ಕಾಯಿ ತುಂಬಿಕೊಳ್ಳಲು ಸೊಂಟಕ್ಕೆ ಮುಚ್ಚಳದ ಚೀಲ, ಗೋಣಿಬಟ್ಟೆಯದು. ಓಡಿದರೂ ಒಂದು ಕಾಯಿ ಚೆಲ್ಲುತ್ತಿರಲಿಲ್ಲ.

ಸಣ್ಣ ಬಟ್ಟೆಯ ಕೆಲಸಕ್ಕೆ ಅವನಿಗೆ ನಮ್ಮ ಮನೆಯ ಹೊಲಿಗೆ ಯಂತ್ರ ಬೇಕಾಗಿತ್ತು. ಇಲ್ಲಿಂದ ನನ್ನ ಕಷ್ಟ ಶುರು. ಆ ಯಂತ್ರ ಅಮ್ಮನದು. ನಾನು ಅದನ್ನು ಮುಟ್ಟಿದಾಗಲೆಲ್ಲ ದಾರ ತುಂಡಾಗುತ್ತಿತ್ತು, ಸೂಜಿ ಮುರಿಯುತ್ತಿತ್ತು, ಅಮ್ಮನ ತಾಳ್ಮೆ ಹರಿಯುತ್ತಿತ್ತು. ಈ ಹುಡುಗ ಪಡಸಾಲೆಯಲ್ಲಿ ಕೂತು ಕಾಲು ಆಡಿಸಿದರೆ ಅದು ಸಾಕಿದ ಹಸುವಿನ ಹಾಗೆ ನಡೆಯುತ್ತಿತ್ತು.

“ಗಂಡು ಹುಡುಗ ನೋಡ,” ಎನ್ನುತ್ತಿದ್ದಳು ಅಮ್ಮ, ನನಗೆ ಕೇಳುವಂತೆ. “ಹೊಲಿಗಿ ಅಂದರ ಅಕ್ಷರ ಬರೆದಂಗ ಅದ. ನಮ್ಮಾಕಿನೂ ಇದ್ದಾಳ, ಬಾಯಿ ಒಂದು.”

“ಬಾಯಿನೂ ಬೇಕಲ್ರೀ ಅಮ್ಮಾರ,” ಎನ್ನುತ್ತಿದ್ದ ಈರಣ್ಣ ತಲೆ ಎತ್ತದೆ. “ಊರಾಗ ಜಗಳ ನಡೀಬೇಕಂದ್ರ ಯಾರರ ಮಾತಾಡಬೇಕಲ್ಲ.”

ಅವನಿಗೆ ಒಗ್ಗರಣೆ ಮಂಡಕ್ಕಿ ಎರಡು ತಟ್ಟೆ ಸಿಗುತ್ತಿತ್ತು. ನನಗೆ ಒಂದು. ನಾನು ಎಣಿಸಿದ್ದೆ.

ನನ್ನ ಬಾಯಿಯ ಬಗ್ಗೆ ಹೇಳಲೇಬೇಕು. ಶಾಲೆಯ ಚರ್ಚಾಸ್ಪರ್ಧೆಗಳಲ್ಲಿ ಕನ್ನಡಕ್ಕೂ ತೆಲುಗಿಗೂ ನನ್ನನ್ನೇ ನಿಲ್ಲಿಸುತ್ತಿದ್ದರು. ಬೆಳಿಗ್ಗೆ ಪರ, ಮಧ್ಯಾಹ್ನ ವಿರೋಧ, ಎರಡಕ್ಕೂ ಬಹುಮಾನ. ನಮ್ಮ ಮೇಷ್ಟರು ಹೇಳಿಕೊಟ್ಟ ಪಾಠ ಇಷ್ಟೇ: ಎದುರಾಳಿ ಏನು ಹೇಳಿದರೂ ಮೊದಲು ಪುರಾವೆ ಕೇಳು, ಹುಡುಕುವುದರಲ್ಲೇ ಅವನು ದಣಿಯುತ್ತಾನೆ. ಅಂದಿನಿಂದ ನಾನು ನಂಬುವುದನ್ನೇ ಬಿಟ್ಟೆ. ಗ್ರಹಣದಲ್ಲಿ ಯಾಕೆ ಉಣ್ಣಬಾರದು, ಪುರಾವೆ ಎಲ್ಲಿ? ಅಜ್ಜಿಯ ಕನಸು ಯಾಕೆ ನಿಜವಾಗಬೇಕು, ಪುರಾವೆ ಎಲ್ಲಿ? ಮನೆಯವರು ದಣಿದರು, ನಾನು ಅದನ್ನು ಗೆಲುವು ಎಂದು ಬರೆದುಕೊಂಡೆ.

ಲಡಾಯಿಗೆ ನನ್ನನ್ನೂ ಸೇರಿಸಿಕೊಳ್ಳಿ ಎಂದು ಕೇಳಿದೆ. ಅಣ್ಣ, “ಪಟ್ಟಿ ಇಲ್ಲದವರಿಗೆ ಇಲ್ಲ,” ಎಂದ. ಈರಣ್ಣನ ಹತ್ತಿರ ಪಟ್ಟಿ ಕೇಳುವುದೆಂದರೆ ಸೋತಂತೆ. ನಾನೇ ಹೊಲಿದೆ, ನನ್ನ ಲಂಗದ ಲಾಡಿಯಿಂದ. ಅಣ್ಣನ ಹಳೆಯ ಬಂದೂಕು ಅದರಲ್ಲಿ ಬಾವಲಿಯಂತೆ ತಲೆಕೆಳಗಾಗಿ ನೇತಾಡಿತು. ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಪಟ್ಟಿ ಇರಬೇಕಂದಿರಿ, ಅದ,” ಎಂದೆ. “ಚಂದ ಇರಬೇಕು ಅಂತ ಯಾರು ಅಂದಾರ?”

ಅಣ್ಣ ನನ್ನ ಕೈಗೆ ಒಂದು ಹಿಡಿ ಬೇವಿನ ಕಾಯಿ ಸುರಿದ. ಸೇರಿಕೊಂಡೆ, ಈರಣ್ಣನ ಎದುರು ತಂಡಕ್ಕೆ.

ಆಟದಲ್ಲಿ ನಾನು ಒಂದು ವಾರ ಸಾಯಲೇ ಇಲ್ಲ. ಕಾಯಿ ಮೈಗೆ ಬಿದ್ದರೆ, “ಬಂಡೆಗೆ ಬಡಿದು ಬಂದದ್ದು, ಬಂಡೆಯ ಲೆಕ್ಕ,” ಎನ್ನುತ್ತಿದ್ದೆ. ತೋಳಿಗೆ ತಾಗಿದರೆ, “ಬಂದೂಕಿಗೆ ತಾಗಿದ್ದು,” ಎನ್ನುತ್ತಿದ್ದೆ. ಬೆನ್ನಿಗೆ ಬಿದ್ದರೆ, “ಯಾರು ನೋಡಿದರು?” ಪ್ರತಿ ಹೊಡೆತಕ್ಕೂ ಅರ್ಧ ಗಂಟೆ ವಾದ. ಬಿಸಿಲು ಏರುತ್ತಿತ್ತು, ಹುಡುಗರು ಬಂದೂಕು ಕೆಳಗಿಟ್ಟು ನಮ್ಮ ಮಾತು ಮುಗಿಯಲೆಂದು ಕೂರುತ್ತಿದ್ದರು. ಈರಣ್ಣ ಮಾತ್ರ ನನ್ನೊಡನೆ ಒಮ್ಮೆಯೂ ವಾದಿಸಲಿಲ್ಲ. ತನಗೆ ಕಾಯಿ ಬಿದ್ದರೆ, ಎಷ್ಟೋ ಸಲ ಹೊಡೆದವನಿಗೇ ಗೊತ್ತಾಗುವ ಮೊದಲು, “ಬಿತ್ತಪಾ,” ಎಂದು ಎದ್ದು ಕಲ್ಲಿನ ಮೇಲೆ ಕೂತು, ಜೇಬಿನಿಂದ ದಬ್ಬಣ ತೆಗೆದು ಯಾರದೋ ಪಟ್ಟಿ ಹೊಲಿಯತೊಡಗುತ್ತಿದ್ದ. ಅವನ ಕೈ ಕಂಡರೆ ನನಗೆ ಹೊಟ್ಟೆಕಿಚ್ಚು ಎಂದು ನೀವು ಅಂದುಕೊಂಡಿರಬೇಕು, ಅದು ಅರ್ಧ ಸತ್ಯ. ಅಷ್ಟು ಸುಲಭವಾಗಿ ಸೋಲುತ್ತಿದ್ದನಲ್ಲ, ಅದು ಹೆಚ್ಚು ಉರಿಸುತ್ತಿತ್ತು.

ಎಂಟನೆಯ ದಿನ ಅವನು ನನಗೊಂದು ಜಾಕೀಟು ಹೊಲಿದು ತಂದ. ತೋಳಿಲ್ಲದ್ದು, ಕಂಕುಳಲ್ಲಿ ಒತ್ತದಂತೆ ಕತ್ತರಿಸಿದ್ದು, ಎದೆಯ ಎರಡೂ ಬದಿಗೆ ಕಾಯಿ ಹಾಕಿಕೊಳ್ಳುವ ಜೇಬು. ಅಚ್ಚ ಬಿಳಿ ಗಿರಣಿಬಟ್ಟೆ. ಉಳಿದ ಯಾರಿಗೂ ಅಂಥದಿರಲಿಲ್ಲ. ಅವರದೆಲ್ಲ ಗೋಣಿಯ ಬಣ್ಣ. ಒಪ್ಪಿಕೊಳ್ಳುತ್ತೇನೆ, ನನಗೆ ರೆಕ್ಕೆ ಬಂದಂತಾಯಿತು. ಕನ್ನಡಿಯ ಮುಂದೆ ಮೂರು ಸಲ ನಿಂತೆ. ಕೊನೆಗೂ ಇವನಿಗೆ ನನ್ನ ಬೆಲೆ ತಿಳಿಯಿತು ಎಂದುಕೊಂಡೆ.

ಮರುದಿನ ಬಂಡೆಯ ಹಿಂದಿನಿಂದ ಎದ್ದೆ, ಎದೆಗೆ ಏನೋ ಬಡಿಯಿತು. “ಪುರಾವೆ ಎಲ್ಲಿ?” ಎಂದು ಬಾಯಿ ತೆರೆಯುವಷ್ಟರಲ್ಲಿ ಎಲ್ಲರೂ ನನ್ನ ಎದೆಯನ್ನೇ ನೋಡುತ್ತಿದ್ದರು. ಬಿಳಿ ಬಟ್ಟೆಯ ಮೇಲೆ ನಾಣ್ಯದಷ್ಟಗಲ ನೀಲಿ. ಈರಣ್ಣ ಬಟ್ಟೆಗೆ ಹಾಕುವ ನೀಲಿಯನ್ನು ನೀರಲ್ಲಿ ಕಲಸಿ ತನ್ನ ಕಾಯಿಗಳನ್ನು ಅದರಲ್ಲಿ ಅದ್ದಿದ್ದ. ನೀಲಿ ಸೋರದಂತೆ ಸೊಂಟದ ಚೀಲದ ಒಳಗೆ ರೆಕ್ಸಿನ್ ತುಂಡು ಹೊಲಿದಿದ್ದ. ಅಷ್ಟು ತಯಾರಿ, ನನ್ನ ಒಬ್ಬಳ ಬಾಯಿಗೆ.

“ಪುರಾವಿ ಬೇಕಂತಿದ್ದಿಯಲ್ಲ ತಂಗಿ,” ಎಂದ. “ಹೊಲಕೊಂಡು ಬಂದೀನಿ.”

ಹುಡುಗರ ನಗು ಗುಡ್ಡಕ್ಕೆ ಬಡಿದು ಎರಡಾಗಿ ನನ್ನ ಮೇಲೇ ಬಿತ್ತು. ಮೂರು ದಿನ ಸತ್ತೆ, ದಿನಕ್ಕೊಂದು ನೀಲಿ ಚುಕ್ಕೆ. ಸಂಜೆ ಜಾಕೀಟು ಒಗೆಯುವಾಗ ಅಮ್ಮ ಚುಕ್ಕೆ ಬಿಟ್ಟು ಹೊಲಿಗೆಯನ್ನು ಹೊಗಳುತ್ತಿದ್ದಳು.

ನನಗೊಂದು ಉಪಾಯ ಹೊಳೆಯಿತು. ಸೋತವರಿಗೆ ಹೊಳೆಯುವುದು ಹೊಸ ಕಾನೂನೇ. “ಬಿದ್ದವರು ಸುಳ್ಳು ಹೇಳಬಾರದು, ಒಪ್ಪಿದೆ. ಎದುರಿನವರಿಗೆ ಬೀಳದಿದ್ದರೂ ಬಿತ್ತು ಅಂತ ಹೇಳೋರಿಗೆ ಏನು? ಅವರು ತಮ್ಮ ಪಟ್ಟಿ ಕೊಡಬೇಕು,” ಎಂದು ವಾದಿಸಿದೆ. ಕಣ್ಣಿದ್ದದ್ದು ಈರಣ್ಣನ ಪಟ್ಟಿಯ ಮೇಲೆ. ಹಿತ್ತಾಳೆ ಬಕಲಿನ, ತುದಿಗೆ ಚರ್ಮ ಕಟ್ಟಿದ ಆ ಪಟ್ಟಿಯನ್ನು ಅವನು ತನಗೆಂದೇ ಒಂದು ತಿಂಗಳು ಹೊಲಿದಿದ್ದ.

“ಸರಿ ಐತಿ,” ಎಂದ ಈರಣ್ಣ. “ನ್ಯಾಯನ.”

ಶಾಲೆ ತೆರೆಯುವ ಹಿಂದಿನ ದಿನ, ಕೊನೆಯ ಲಡಾಯಿ. ಎರಡು ಬಂಡೆಗಳ ಸಂದಿಯಲ್ಲಿ ನಾನು ಬೆನ್ನು ಮಾಡಿ ಬಗ್ಗಿದ್ದೆ. ಬೆನ್ನ ನಡುವೆ ಟಪ್ ಎಂದಿತು. ತಣ್ಣಗಾಯಿತು. ಬಿದ್ದದ್ದು ನನಗೆ ಗೊತ್ತು. ಆದರೆ ಬಿದ್ದದ್ದು ಜಡೆಯ ಮೇಲೆ. ಆ ಬೆಳಿಗ್ಗೆಯಷ್ಟೇ ಅಮ್ಮ ಎಣ್ಣೆ ಸುರಿದು ಹೆಣೆದ, ಸೊಂಟದವರೆಗಿನ ಕಪ್ಪು ಜಡೆ.

“ಬಿತ್ತು ತಂಗಿ,” ಈರಣ್ಣನ ದನಿ.

ತಿರುಗಿ ನಿಂತೆ. ಎಲ್ಲರೂ ಬಂದರು. “ಎಲ್ಲಿ? ತೋರಿಸು,” ಎಂದೆ.

ಅವನು ನನ್ನ ಸುತ್ತ ಒಂದು ಸುತ್ತು ಬಂದ. ತಾನೇ ಹೊಲಿದ ಜಾಕೀಟಿನ ಪ್ರತಿ ಹೊಲಿಗೆಯನ್ನೂ ಬಗ್ಗಿ ನೋಡಿದ. ಕಂಕುಳು, ಜೇಬಿನ ಅಡಿ, ಕೊರಳಪಟ್ಟಿ. ಬಟ್ಟೆ ಹಾಲಿನಂತಿತ್ತು. ಜಡೆಯನ್ನು ಮುಟ್ಟಲು ಅವನಿಗೆ ಸಂಕೋಚ; ಎತ್ತಿ ತೋರಿಸಲು ನನಗೆ ಮನಸ್ಸಿಲ್ಲ. ಯಾರಾದರೂ ಕೇಳಿದರೆ, ಕೂದಲು ಮೈಯ ಭಾಗ ಹೌದೋ ಅಲ್ಲವೋ ಎಂದು ವಾದಿಸಲು ನಾಲಗೆಯ ತುದಿಯಲ್ಲಿ ಮಾತು ಸಿದ್ಧವಿತ್ತು. ಯಾರೂ ಕೇಳಲಿಲ್ಲ.

“ಇಲ್ಲ,” ಎಂದ ಈರಣ್ಣ ನಿಧಾನಕ್ಕೆ. “ಬಿದ್ದಿಲ್ಲ. ನಾ ತಪ್ಪು ಕಂಡೆ.”

ಬಕಲು ಬಿಚ್ಚಿ, ಪಟ್ಟಿಯನ್ನು ಸುರುಳಿ ಸುತ್ತಿ, ಎರಡೂ ಕೈಯಲ್ಲಿ ನನಗೆ ಕೊಟ್ಟ. ನಾನು ಗೆದ್ದೆ. ಪಟ್ಟಿ ಅವನ ಹೆಗಲ ಅಳತೆಯದು. ನನ್ನ ಬಂದೂಕು ಅದರಲ್ಲಿ ಮೊಣಕಾಲಿಗೆ ಬಡಿಯಿತು.

ಸಂಜೆ ತಲೆಗೆ ನೀರು ಹಾಕುವಾಗ ಬಚ್ಚಲಲ್ಲಿ ನೀಲಿ ಹರಿಯಿತು.

“ಇದೇನ ಇದು ನೀಲಿ?” ಎಂದಳು ಅಮ್ಮ.

“ಶಾಯಿ,” ಎಂದೆ.

ರಾತ್ರಿ ಊಟಕ್ಕೆ ಕೂತಾಗ ಅಣ್ಣ ಎಲ್ಲ ಕಥೆ ಹೇಳಿದ. ಅಮ್ಮ ಸಾರು ಬಡಿಸುವುದನ್ನು ನಿಲ್ಲಿಸಿ, “ತನ್ನ ಪಟ್ಟಿನ ಬಿಚ್ಚಿ ಕೊಟ್ಟನ? ಎಂಥಾ ಮಗನ ಹಡದಾಳ ಆಕಿ,” ಎಂದಳು. ಗೆದ್ದವಳು ನಾನು, ಎದುರಿಗೇ ಕೂತಿದ್ದೆ. ಹೊಗಳಿಕೆ ಹೋಗಿದ್ದು ಸೋತವನ ಮನೆಗೆ. ಆ ಪಟ್ಟಿಯನ್ನು ನಾನು ಮತ್ತೆ ಹಾಕಿಕೊಳ್ಳಲಿಲ್ಲ. ಮರುವರ್ಷ ಈರಣ್ಣ ಓದು ಬಿಟ್ಟು ಲಾರಿಗಳಿಗೆ ಹೊದಿಸುವ ತಾಡಪತ್ರಿ ಹೊಲಿಯುವ ಅಂಗಡಿಗೆ ಸೇರಿದ. ನಾನು ಚರ್ಚೆಗಳಲ್ಲಿ ಗೆಲ್ಲುತ್ತ ಹೋದೆ.

ಇಷ್ಟೆಲ್ಲ ನೆನೆದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ನಿನ್ನೆ ಬೆಳಿಗ್ಗೆ ಸ್ಟೇಷನ್ ರಸ್ತೆಗೆ ಹೋದೆ. ಅಂಗಡಿ ಈಗ ಅವನದೇ. ಲಾರಿಯೊಂದರ ತಾಡಪತ್ರಿಯನ್ನು ನೆಲಕ್ಕೆ ಹಾಸಿ, ಮಂಡಿಯೂರಿ, ಟೇಪು ಹಿಡಿದು ಕೂತಿದ್ದ.

“ಬರ್ರಿ ವಕೀಲಮ್ಮಾರ. ಪಟ್ಟಿ ಉದ್ದ ಆತೇನು?”

“ಪಟ್ಟಿ ಸರಿ ಅದ, ಈರಣ್ಣ. ಬ್ಯಾರೆ ಮಾತದ. ಅವತ್ತು ಬಿದ್ದಿತ್ತು.”

“ಏನು?”

“ಬೇವಿನಕಾಯಿ. ಕಡೀ ದಿನ. ಜಡಿ ಮ್ಯಾಲೆ ಬಿದ್ದಿತ್ತು. ನನಗ ಗೊತ್ತಿತ್ತು.”

ಅವನು ಸೀಮೆಸುಣ್ಣವನ್ನು ಕಿವಿಗೆ ಸಿಕ್ಕಿಸಿಕೊಂಡ. ತಾಡಪತ್ರಿಯ ಸುಕ್ಕೊಂದನ್ನು ಅಂಗೈಯಿಂದ ಒತ್ತಿ ಸರಿಮಾಡಿದ.

“ಹಂಗಾರ ನಾ ಕಂಡಿದ್ದು ಖರೇನ.”

“ಖರೇನ.”

“ನೋಡ್ರಿ,” ಎಂದ, ದೂರುವ ದನಿಯಲ್ಲಲ್ಲ, ಬಾಗಿಲ ಮುಂದಿನ ಬಿಸಿಲಿನ ಬಗ್ಗೆ ಹೇಳುವಂತೆ. “ಅವತ್ತಿನ ತನಕ ಕಣ್ಣಳತಿ ಮ್ಯಾಗ ಕತ್ತರಿ ಹಾಕ್ತಿದ್ದೆ. ಒಂದಿನ ತಪ್ಪಿದ್ದಿಲ್ಲ. ಅವತ್ತು ಕಣ್ಣಾರೆ ಕಂಡೆ, ಹುಡುಕಿದ್ರ ಇಲ್ಲ. ಆಮ್ಯಾಗ ಈ ಕಣ್ಣ ಮ್ಯಾಲ ನಂಬಿಕಿನ ಹೋತು. ಏನ ಅಳದ್ರೂ ಎರಡ ಸಲ ಅಳೀತೀನಿ. ಮಂದಿ ಹೊಗಳ್ತಾರ, ಈರಣ್ಣ ಭಾಳ ಹುಷಾರ ಅಂತ. ದಿನಕ್ಕ ಒಂದ ತಾಸು ಅದರಾಗ ಹೋಗತೈತಿ.”

“ತಪ್ಪಾತು,” ಎಂದೆ. ಅಷ್ಟು ಚಿಕ್ಕ ಮಾತನ್ನು ನಾನು ಯಾವ ವೇದಿಕೆಯಲ್ಲೂ ಆಡಿದ್ದಿಲ್ಲ.

“ಇರ್ಲಿ ಬಿಡ್ರಿ. ಸಣ್ಣೋರಿದ್ವಿ,” ಎಂದ, ಅದೇ ಹಳೆಯ ಸಲೀಸಿನಲ್ಲಿ. ನೋಡಿ, ಆಗಲೂ ನನಗೆ ಒಳಗೆ ಚುರ್ ಎಂದಿತು. ಬಿಟ್ಟುಕೊಡುವುದರಲ್ಲೂ ಇವನೇ ಮುಂದೆ. ಹೊಟ್ಟೆಕಿಚ್ಚು ತೀರಿತೆಂದು ಬರೆದರೆ ಅದು ಇನ್ನೊಂದು ಸುಳ್ಳಾದೀತು.

ಅವನು ಮತ್ತೆ ಬಗ್ಗಿ ಅಳೆದ, ಗೆರೆ ಎಳೆದ, ಕತ್ತರಿಗೆ ಕೈ ಚಾಚಿದ. ಕೈ ಅರ್ಧದಲ್ಲಿ ನಿಂತಿತು. ಕೈ ತಿರುಗಿ ಟೇಪಿನ ಕಡೆಗೇ ಹೋಯಿತು.

“ರೂಢಿ ಆಗೈತ್ರಿ,” ಎಂದು ನಕ್ಕ. “ಆ ತುದಿ ಹಿಡೀರಿ.”

ಚೀಲ ಕೆಳಗಿಟ್ಟು ಹಿಡಿದೆ. ಎರಡನೆಯ ಸಲವೂ ಅಳತೆ ಅಷ್ಟೇ ಬಂತು. ಅವನು ಕತ್ತರಿಸಿ ಮುಂದಿನ ತುಂಡನ್ನು ಎಳೆದ. ಅವನು ಹೇಳುವ ಮೊದಲೇ ನಾನು ಮಂಡಿಯೂರಿ ಟೇಪಿನ ತುದಿಯನ್ನು ಅಂಚಿಗೆ ಒತ್ತಿ ಹಿಡಿದೆ.