ಮನುಷ್ಯರ ಹೆಸರಿಲ್ಲದ ಸಿಮ್ ಕಾರ್ಡು

ನಾನು ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದೆ. ಹಿರೇಕೆರೂರಿನಲ್ಲಿ ಶುರುವಾದ ನೌಕರಿ ಸವಣೂರು, ಶಿಗ್ಗಾವಿ ಸುತ್ತಿ ಹಾನಗಲ್ಲಿನಲ್ಲಿ ಮುಗಿಯಿತು. ಮದುವೆ ಆಗಲಿಲ್ಲ. ಅದಕ್ಕೆ ಹೇಳಿಕೊಳ್ಳುವಂಥ ಕಾರಣವೂ ಇಲ್ಲ. ಒಂದೆರಡು ಕಡೆ ಮಾತು ನಡೆದು ನಿಂತವು, ಆಮೇಲೆ ಕೇಳುವವರೂ ಸುಮ್ಮನಾದರು. ನಿವೃತ್ತಿಯಾದ ಮೇಲೂ ಹಾನಗಲ್ಲಿನ ಬಾಡಿಗೆ ಮನೆಯಲ್ಲೇ ಉಳಿದೆ.

ನೌಕರಿಯಲ್ಲಿದ್ದಾಗ ನನ್ನ ಫೋನು ಸುಮ್ಮನಿದ್ದ ದಿನವಿಲ್ಲ. ಎಮ್ಮೆ ಈಯಲಾರದೆ ಒದ್ದಾಡುತ್ತಿದೆ, ಹೋರಿಗೆ ಹೊಟ್ಟೆ ಉಬ್ಬಿದೆ, ಆಕಳು ಮೇವು ಬಿಟ್ಟಿದೆ ಎಂದು ಯಾರಾದರೂ ಕರೆಯುತ್ತಲೇ ಇದ್ದರು. ಕರೆದವರ ನಂಬರನ್ನು ನಾನು ದನದ ಗುರುತಿನಿಂದಲೇ ಸೇವ್ ಮಾಡಿಕೊಳ್ಳುತ್ತಿದ್ದೆ. ಕೋಡು ಮುರಿದ ಎತ್ತು, ಬಂಕಾಪುರ. ಒದೆಯುವ ಆಕಳು, ಗೊಟಗೋಡಿ. ಮೂರು ಮೊಲೆ ಎಮ್ಮೆ, ಅಕ್ಕಿಆಲೂರು. ಪರದೆಯ ಮೇಲೆ ಆ ಗುರುತು ಕಂಡರೆ ಸಾಕು, ಹಿಂದೆ ಯಾವ ಔಷಧ ಕೊಟ್ಟಿದ್ದೆ, ಯಾವ ದಾರಿ ಹಿಡಿದು ಹೋಗಬೇಕು ಎಲ್ಲ ನೆನಪಾಗುತ್ತಿತ್ತು. ಮನುಷ್ಯರ ಹೆಸರು ಬೇಕು ಅನ್ನಿಸಲೇ ಇಲ್ಲ. ಅವರೂ ನನ್ನನ್ನು ಡಾಕ್ಟರ್ರು ಅಂತಲೇ ಕರೆಯುತ್ತಿದ್ದರು.

ನಿವೃತ್ತಿಯಾದ ಮರುವರ್ಷ ನನ್ನ ಹಳೆಯ ಬಟನ್ ಫೋನು ಕೆಟ್ಟಿತು. ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲ್ ಅಂಗಡಿ ಇಟ್ಟ ಹೆಣ್ಣುಮಗಳು ಅದನ್ನು ಬಿಚ್ಚಿ ನೋಡಿ, "ಇದು ಇನ್ನ ನಡಿಯಂಗಿಲ್ರಿ ಸರ" ಎಂದಳು.

"ನಂಬರೆಲ್ಲ ಅದರಾಗ ಅದಾವವ್ವಾ."

"ಸಿಮ್ಮಿನಾಗ ಸೇವ್ ಮಾಡಿದ್ದು ಬರ್ತಾವ್ರಿ. ಫೋನಿನಾಗ ಮಾಡಿದ್ದು ಹೋದ್ವು."

ಯಾವುದನ್ನು ಎಲ್ಲಿ ಇಟ್ಟಿದ್ದೆನೋ ನನಗೇನು ಗೊತ್ತು? ಸಿಮ್ ತುಂಬಿದ ಮೇಲೆ ಬಂದವೆಲ್ಲ ಫೋನಿನೊಳಗೇ ಕೂತಿದ್ದವಂತೆ. ಹಾಗಾಗಿ ಅರ್ಧಕ್ಕರ್ಧ ಹೋದವು. ಉಳಿದವಕ್ಕೂ ಬಾಲ ಇರಲಿಲ್ಲ, ಸಿಮ್ಮಿನಲ್ಲಿ ಉದ್ದ ಹೆಸರು ಹಿಡಿಸುವುದಿಲ್ಲ. ಎಮ್ಮೆ ಇತ್ತು, ಊರು ಕತ್ತರಿಸಿ ಹೋಗಿತ್ತು. ದಿನಾ ಫೋನು ಬರುತ್ತಿದ್ದಾಗ ಅದು ತೊಡಕು ಅನ್ನಿಸಿರಲಿಲ್ಲ.

ಹೊಸ ಫೋನಿನಲ್ಲಿ ನಾನು ಸೇರಿಸಿದ್ದು ಎರಡೇ ನಂಬರು. ಒಂದು ಗ್ಯಾಸ್ ಸಿಲಿಂಡರಿನದು, ಇನ್ನೊಂದು ಹುಬ್ಬಳ್ಳಿಯಲ್ಲಿದ್ದ ಮನೆ ಮಾಲೀಕರದು. ಬರುತ್ತಿದ್ದದ್ದು ಸಿಮ್ ಕಂಪನಿಯ ಫೋನು ಮಾತ್ರ. ಯಾವುದೋ ಹೆಣ್ಣುದನಿ ರಿಚಾರ್ಜ್ ಬಗ್ಗೆ ಹೇಳುತ್ತಿತ್ತು. ರೆಕಾರ್ಡ್ ಮಾಡಿದ್ದು ಅಂತ ಗೊತ್ತಿದ್ದೂ ಪೂರ್ತಿ ಕೇಳಿಯೇ ಇಡುತ್ತಿದ್ದೆ.

ಹೋದ ಮಳೆಗಾಲದಲ್ಲಿ ಹಿತ್ತಲ ಪಾಚಿಯ ಮೇಲೆ ಜಾರಿ ಬಿದ್ದೆ. ಬಲಗೈ ಮಣಿಕಟ್ಟು ಸೊಟ್ಟಗಾಯಿತು. ಕರುವಿನ ಕಾಲಿಗೆ ಕಟ್ಟುತ್ತಿದ್ದ ಹಾಗೆ ಟವೆಲ್ಲಿನಲ್ಲಿ ಎರಡು ಕಟ್ಟಿಗೆ ಚೂರು ಇಟ್ಟು ಹಲ್ಲಿನಿಂದ ಬಿಗಿದುಕೊಂಡು, ಆಟೋ ಹಿಡಿದು ಆಸ್ಪತ್ರೆಗೆ ಹೋದೆ.

"ಎಲುವು ಸರದೈತ್ರಿ ಕಾಕಾರ, ಮಂಪರಿನ ಇಂಜೆಕ್ಷನ್ ಕೊಟ್ಟು ಕೂಡಸಬೇಕು. ಜೋಡಿ ಯಾರ ಬಂದಾರ?" ಎಂದು ನರ್ಸಮ್ಮ ಕೇಳಿದಳು.

"ಯಾರೂ ಇಲ್ಲವ್ವಾ."

"ಯಾರಿಗರ ಫೋನ್ ಹಚ್ರಿ. ಸಹಿ ಬೇಕು."

ಮನೆ ಮಾಲೀಕರು ಎತ್ತಲಿಲ್ಲ. ಬೇರೆ ಯಾರಿದ್ದಾರೆ ನೋಡು ಎಂದು ಫೋನನ್ನು ಆಕೆಯ ಕೈಗೇ ಕೊಟ್ಟೆ. ಆಕೆ ಬೆರಳಾಡಿಸುತ್ತ ಓದತೊಡಗಿದಳು.

"ಕರಿ ಎಮ್ಮಿ... ಒದಿಯೂ ಆಕಳ... ಕೋಡು ಮುರದ ಎ... ಇದೇನ್ರಿ ಕಾಕಾರ, ಇದರಾಗ ಒಂದರ ಮನಷ್ಯಾರ ಹೆಸರ ಐತೇನ್ರಿ?"

ಪಕ್ಕದ ಮಂಚದವರು ನಕ್ಕರು. ನಾನೂ ನಕ್ಕೆ. ಇಷ್ಟು ವರ್ಷ ಎಷ್ಟು ಮನೆಗಳ ಕೊಟ್ಟಿಗೆ ಹೊಕ್ಕಿದ್ದೆ, ಎಷ್ಟು ಜನ ಕೈ ತೊಳೆಯಲು ಬಿಸಿನೀರು ಹಾಕಿದ್ದರು, ಚಹಾ ಕೊಟ್ಟಿದ್ದರು. ಅವರಲ್ಲಿ ಒಬ್ಬರ ಹೆಸರೂ ಬಾಯಿಗೆ ಬರಲಿಲ್ಲ.

"ಮೂರು ಮೊಲಿ ಎಮ್ಮಿಗೆ ಹಚ್ಚವ್ವಾ," ಎಂದೆ. "ಅಕ್ಕಿಆಲೂರು ಸಮೀಪ ಐತಿ."

ಆಕೆ ಫೋನನ್ನು ನನ್ನ ಕಿವಿಗೆ ಹಿಡಿದಳು. ಆ ಕಡೆಯಿಂದ ಒಬ್ಬ ಹೆಂಗಸು, "ಯಾರ್ರಿ?" ಎಂದಳು.

"ನಾನವ್ವಾ, ದನದ ಡಾಕ್ಟರ್."

"ಅಯ್ಯ, ಡಾಕ್ಟರ್ರ! ಎಲ್ಲಿದ್ದೀರಿ ಇಷ್ಟ ದಿನ? ಆ ಎಮ್ಮಿ ಸತ್ತ ಹೋತ್ರಿ, ಅದರ ಮಗಳು ಐತಿ ಈಗ."

ಹೇಗೆ ಕೇಳಬೇಕೋ ತಿಳಿಯದೆ ಬಿದ್ದದ್ದನ್ನಷ್ಟೇ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. "ಬಸ್ಸಿಗೆ ಬರ್ತೇನಿ, ಅಲ್ಲೇ ಇರ್ರಿ" ಎಂದು ಇಟ್ಟುಬಿಟ್ಟಳು.

ಭತ್ತದ ಗದ್ದೆಯಿಂದ ನೇರ ಬಂದಿದ್ದಳು, ಸೀರೆಯ ಅಂಚಿಗೆ ಕೆಸರು ಒಣಗಿತ್ತು. ನನಗೆ ಆಕೆಯ ಮುಖದ ಗುರುತೇ ಹತ್ತಲಿಲ್ಲ. ಎಮ್ಮೆಯ ಮುಖ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿತ್ತು.

"ಪೇಶಂಟ್ ಹೆಸರೇನ್ರಿ? ನಿಮಗ ಏನಾಗಬೇಕು?" ನರ್ಸಮ್ಮ ಕಾಗದ ಹಿಡಿದು ಆಕೆಯನ್ನು ಕೇಳಿದಳು.

ಆಕೆ ನನ್ನ ಕಡೆ ನೋಡಿದಳು. "ಹೆಸರ ಗೊತ್ತಿಲ್ರಿ. ಡಾಕ್ಟರ್ರು ಅಂತೇವಿ ನಾವು."

ನಾನು ನನ್ನ ಹೆಸರು ಹೇಳಿದೆ. ಆಕೆ ತನ್ನದು ಹೇಳಿದಳು. ಸಂಬಂಧದ ಕಡೆ ಪರಿಚಯದವರು ಎಂದು ಬರೆಸಿ, ಅಕ್ಷರ ಕೂಡಿಸಿ ಕೂಡಿಸಿ ನಿಧಾನಕ್ಕೆ ಸಹಿ ಮಾಡಿದಳು. ನಾನು ಪಟ್ಟಿ ಹಾಕಿಸಿಕೊಂಡು ಬಂದ ಮೇಲೆ ಚಹಾ ತಂದು ಕುಡಿಸಿದಳು. ಹಾಲು ಹಿಂಡುವ ಹೊತ್ತಾಯಿತು, ಎಮ್ಮೆ ಬೇರೆಯವರಿಗೆ ಹಾಲು ಕೊಡುವುದಿಲ್ಲ ಎಂದು ಹೊರಟಳು.

ಕೈ ಕೂಡುವವರೆಗೆ ಮನೆಯಲ್ಲಿ ಬೇರೆ ಕೆಲಸವಿರಲಿಲ್ಲ. ಎಡಗೈಯಿಂದ ಒಂದೊಂದೇ ನಂಬರು ಒತ್ತಿ ಹೆಸರು ಕೇಳತೊಡಗಿದೆ. ಹೆಚ್ಚಿನ ನಂಬರುಗಳು ಚಾಲ್ತಿಯಲ್ಲೇ ಇರಲಿಲ್ಲ. ಸವಣೂರಿನ ಒಬ್ಬ, "ಹೆಸರ ಯಾಕ ಬೇಕು ನಿಮಗ? ಓಟಿಪಿ ಕೇಳಾವ್ರೇನು?" ಎಂದು ಬೈದು ಇಟ್ಟ. ಹಿರೇಕೆರೂರಿನ ಕಡೆಯದೊಂದನ್ನು ಮಗ ಎತ್ತಿದ. ಅಪ್ಪ ತೀರಿಕೊಂಡು ಎರಡು ವರ್ಷವಾಯಿತು, ಎತ್ತೂ ಈಗ ಇಲ್ಲ ಎಂದ. ಅಪ್ಪನ ಹೆಸರೇನಿತ್ತು ಎಂದು ಕೇಳಿದೆ. ಹೇಳಿದ. ಇನ್ನು ಆ ಹೆಸರಿನವರು ಫೋನು ಎತ್ತುವುದಿಲ್ಲ ಎಂದು ತಿಳಿದೂ ಹಾಗೇ ಬರೆದಿಟ್ಟುಕೊಂಡೆ.

ಗೊಟಗೋಡಿಯ ಆಕಳಿನ ಮಾಲೀಕ ಮಾತ್ರ ದನಿ ಕೇಳಿಯೇ ಗುರುತು ಹಿಡಿದ. ಅವನೂ ಈಗ ಒಬ್ಬನೇ ಇದ್ದಾನಂತೆ. ಅದೂ ಇದೂ ಮಾತಾದ ಮೇಲೆ, "ಮತ್ತ ಏನ ಕೆಲಸಿತ್ರಿ?" ಎಂದ.

"ಏನಿಲ್ಲ, ಸುಮ್ನ ಮಾಡಿದೆ."

"ಹಂಗಾರ ಬರ್ರಿ ಒಮ್ಮೆ," ಎಂದ.

ಪಟ್ಟಿ ಬಿಚ್ಚಿದ ವಾರ ಹೋದೆ. ಕಟ್ಟೆಯ ಮೇಲೆ ಕೂತು ಚಹಾ ಕುಡಿದೆವು. ಮಳೆಯ ಮಾತು, ಬೆಳೆಯ ಮಾತು ಬೇಗ ಮುಗಿದವು. ದನ ನೋಡದೆ ಒಂದು ಮನೆಯಲ್ಲಿ ಹೇಗೆ ಕೂತುಕೊಳ್ಳಬೇಕು ಎಂಬುದೇ ನನಗೆ ಗೊತ್ತಿರಲಿಲ್ಲ. ಇಬ್ಬರೂ ಎದ್ದು ಕೊಟ್ಟಿಗೆಗೆ ಹೋದೆವು. ಮೇವು ಹಾಕುವ ಗ್ವಾದಲಿ ಖಾಲಿ ಇತ್ತು, ದನವೂ ಇರಲಿಲ್ಲ. ಒಂದು ಹಳೆಯ ಸೈಕಲ್ ಒರಗಿಸಿಟ್ಟಿದ್ದ.

"ಇಲ್ಲೇ ಒದ್ದಿತ್ತ ನೋಡ್ರಿ ನಿಮಗ," ಎಂದು ಮೂಲೆ ತೋರಿಸಿದ.

"ಹೌದು," ಎಂದೆ.

ಹೊರಟಾಗ ಬೇಡವೆಂದರೂ ರಸ್ತೆಯವರೆಗೆ ಬಂದ. ಶಿಗ್ಗಾವಿ ಬಸ್ಸು ತಡವಾಯಿತು. ಅದು ಬರುವವರೆಗೂ ಇಬ್ಬರೂ ಬೇವಿನ ಗಿಡದ ಕೆಳಗೆ ನಿಂತೇ ಇದ್ದೆವು.