ಕೇಳಿಸ್ತು ಸರ್

ಚಿಕ್ಕಂದಿನಿಂದಲೂ ಯಾರು ಏನು ಹೇಳಿದರೂ ಹೂಂ ಅನ್ನುತ್ತಿದ್ದುದರಿಂದ ಮನೆಯಲ್ಲಿ ಅವಳಿಗೆ ಹೂಂಗುಟ್ಟಿ ಎಂದೇ ಹೆಸರು ಬಿದ್ದಿತ್ತು. ಹೂಂಗುಟ್ಟುತ್ತಲೇ ಶಾಲೆ ಮುಗಿಸಿದಳು, ಹೂಂಗುಟ್ಟುತ್ತಲೇ ಡಾಕ್ಟರಾದಳು. ಈಗ ಮಹಾನಗರದ ದೊಡ್ಡಾಸ್ಪತ್ರೆಯ ಮೆಡಿಸಿನ್ ವಿಭಾಗದಲ್ಲಿ ಮೊದಲ ವರ್ಷದ ರೆಸಿಡೆಂಟ್. ರೆಸಿಡೆಂಟ್ ಎಂದರೆ ಅಲ್ಲೇ ವಾಸ ಮಾಡುವವರು. ಹೆಸರಿಟ್ಟ ಪುಣ್ಯಾತ್ಮ ಸುಳ್ಳು ಹೇಳಿರಲಿಲ್ಲ. ರಕ್ತ ತೆಗೆಯಬೇಕು, ವರದಿ ಹುಡುಕಬೇಕು, ಕಳೆದುಹೋದ ಎಕ್ಸ್‌ರೇಗಾಗಿ ಮೂರು ಮಹಡಿ ಹತ್ತಿ ಇಳಿಯಬೇಕು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎನ್ನುತ್ತಾರಲ್ಲ, ಇವಳ ಎಕ್ಸ್‌ರೇಯೂ ಹಲವು ಸಲ ಅಲ್ಲೇ ಸಿಕ್ಕಿದ್ದುಂಟು.

ಬಾರದ ವಿದ್ಯೆ ಒಂದೇ. ಹೃದಯದ ಕವಾಟ ಸರಿಯಾಗಿ ಮುಚ್ಚದಿದ್ದರೆ ಲಬ್-ಡಬ್ ನಡುವೆ ಸುಯ್ಯೆನ್ನುವ ಸದ್ದೊಂದು ಸೇರಿಕೊಳ್ಳುತ್ತದೆ. ಅದಕ್ಕೆ ಮರ್ಮರ್ ಎನ್ನುತ್ತಾರೆ. ಐದು ತಿಂಗಳು ಕಳೆದರೂ ಆ ಸುಯ್ ಒಮ್ಮೆಯೂ ಅವಳ ಕಿವಿಗೆ ಬಿದ್ದಿರಲಿಲ್ಲ.

ಇದು ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಅಲ್ಲಿನ ಪದ್ಧತಿಯೇ ಹಾಗಿತ್ತು. ಬೆಳಗಿನ ರೌಂಡ್ಸಿನಲ್ಲಿ ಮೊದಲು ವಿಭಾಗದ ಮುಖ್ಯಸ್ಥರು ರೋಗಿಯ ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಕಣ್ಣು ಮುಚ್ಚಿ, "ಹ್ಞಾ, ಸ್ಪಷ್ಟವಾಗಿದೆ" ಎನ್ನುತ್ತಿದ್ದರು. ಆಮೇಲೆ ಹಿರಿತನದ ಪ್ರಕಾರ ಒಬ್ಬೊಬ್ಬರೇ ಬಾಗಿ ಆಲಿಸಿ "ಕೇಳಿಸ್ತು ಸರ್" ಎಂದು ಪಕ್ಕಕ್ಕೆ ಸರಿಯಬೇಕು. ಸಾಲಿನ ಬಾಲದಲ್ಲಿದ್ದ ಹೂಂಗುಟ್ಟಿಯೂ ಅದನ್ನೇ ಹೇಳಿ ಸರಿಯುತ್ತಿದ್ದಳು. ಅಷ್ಟು ಜನಕ್ಕೆ ಕೇಳಿಸಿದ್ದು ತನಗೊಬ್ಬಳಿಗೆ ಕೇಳಿಸದಿದ್ದರೆ ತಪ್ಪು ಯಾರ ಕಿವಿಯದು?

ಈಗ ಕುತ್ತಿಗೆಗೆ ಬಂದಿತ್ತು. ಸೋಮವಾರ ಅರ್ಧವರ್ಷದ ಪರೀಕ್ಷೆ. ಕೇಳಿದ್ದನ್ನು ಸರಿಯಾಗಿ ಹೇಳದಿದ್ದರೆ ಮುಖ್ಯಸ್ಥರು ಅವಳ ತರಬೇತಿ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ, ಆರು ತಿಂಗಳು ಮತ್ತೆ ಮೊದಲಿನಿಂದ. ಯೋಚಿಸಿದರೇ ಅವಳಿಗೆ ಅಳು ಬರುತ್ತಿತ್ತು.

ಭಾನುವಾರ ಮನೆಮಂದಿಯನ್ನೆಲ್ಲ ಸಾಲಾಗಿ ಕೂರಿಸಿ ಅಭ್ಯಾಸ ಶುರುಮಾಡಿದಳು. ಚಿಕ್ಕಪ್ಪನ ಎದೆಯಲ್ಲಿ ಬರೀ ತೇಗು. ಉಸಿರು ಹಿಡಿ ಎಂದರೆ ಅಮ್ಮ ಮೂಗು ಹಿಡಿದುಕೊಂಡಳು. ಅಜ್ಜಿಯ ಸರದಿ ಬಂತು. ಅಜ್ಜಿ ಬಾಯಿ ಮುಚ್ಚಲೇ ಇಲ್ಲ.

"ಅಜ್ಜಿ, ನಿನ್ನ ಮಾತೇ ಕೇಳಿಸ್ತಿದೆ."

"ಮತ್ತೇನು ಕೇಳಿಸಬೇಕಿತ್ತು?"

ಅಜ್ಜಿಯ ಕಿವಿಯ ಮಷೀನಿನ ಬಳಿ ಬಾಯಿಟ್ಟು ಹೂಂಗುಟ್ಟಿ ತನ್ನ ಗುಟ್ಟನ್ನೆಲ್ಲ ಹೇಳಿಕೊಂಡಳು. ಪಕ್ಕದ ಮನೆಯವರಿಗೂ ತಿಳಿಯಿತು.

"ಕೇಳಿಸಲಿಲ್ಲ ಅಂದ್ಬಿಡು," ಎಂದಳು ಅಜ್ಜಿ. "ನಾನೂ ನಾಲ್ಕು ವರ್ಷ ಎಲ್ಲರ ಮಾತಿಗೂ ತಲೆ ಆಡಿಸ್ಕೊಂಡು ಕೂತಿದ್ದೆ. ಒಂದಿನ ನಿಮ್ಮ ಚಿಕ್ಕಪ್ಪ ಬಂದು, ಹೊಲಿಗೆ ಮಷೀನು ಯಾರಿಗಾದ್ರೂ ಕೊಟ್ಬಿಡ್ಲಾ ಅಂದನಂತೆ. ಆಡಿಸ್ದೆ ನೋಡು ತಲೆ. ಆ ಮಷೀನು ಹೋದ ಮಾರನೇ ದಿನವೇ ಈ ಮಷೀನು ಹಾಕಿಸ್ಕೊಂಡೆ."

ಚಿಕ್ಕಪ್ಪ ಗೋಡೆ ನೋಡಿದ.

ಸೋಮವಾರ ಬೆಳಿಗ್ಗೆ ಎಲ್ಲರೂ ಒಂಬತ್ತನೇ ಹಾಸಿಗೆಯ ಸುತ್ತ ನೆರೆದರು. ಅಲ್ಲೊಬ್ಬ ದಪ್ಪ ಮೀಸೆಯವನು ಬಾಯಲ್ಲಿ ಥರ್ಮಾಮೀಟರ್ ಕಚ್ಚಿಕೊಂಡು ಮಲಗಿದ್ದ. ಮುಖ್ಯಸ್ಥರು ಕಾಲ್ದೆಸೆಗೆ ನೇತುಹಾಕಿದ ರೋಗದ ಚೀಟಿಯತ್ತ ಒಮ್ಮೆ ನೋಡಿದರು, ಎದೆಗೆ ಕಿವಿಗೊಟ್ಟರು. "ಹ್ಞಾ, ಸ್ಪಷ್ಟವಾಗಿದೆ. ಕೇಳಿ ಎಲ್ಲರೂ."

"ಕೇಳಿಸ್ತು ಸರ್," ಎಂದ ಹಿರಿಯ ರೆಸಿಡೆಂಟ್. "ಕಂಕುಳವರೆಗೂ ಹೋಗ್ತಿದೆ."

"ನನಗೆ ಬೆನ್ನಲ್ಲೂ ಕೇಳಿಸ್ತು ಸರ್," ಎಂದ ಅವನ ಹಿಂದಿನವನು. ಇನ್ನೂ ನಾಲ್ಕು ಜನರಿದ್ದಿದ್ದರೆ ಆ ಮರ್ಮರ್ ರಸ್ತೆ ದಾಟಿ ಬಸ್ ಹತ್ತುತ್ತಿತ್ತು.

ಮೀಸೆಯವನು "ಮ್ಮ್, ಮ್ಮ್" ಎಂದು ಕೈ ಎತ್ತಿದ. ನರ್ಸಮ್ಮ ಕೈಯನ್ನು ಒತ್ತಿ ಇಳಿಸಿ, "ಥರ್ಮಾಮೀಟರ್ ಇದೆ, ಮಾತಾಡ್ಬೇಡಿ" ಎಂದು ಗದರಿದಳು.

ಹೂಂಗುಟ್ಟಿ ಬಾಗಿದಳು. ಲಬ್-ಡಬ್, ಲಬ್-ಡಬ್, ಅಷ್ಟೇ. ನಾಲಿಗೆ ತುದಿಯವರೆಗೆ ಹಳೆಯ ಮಾತೇ ಬಂದಿತ್ತು. ಆದರೆ ಅಜ್ಜಿಯ ಹೊಲಿಗೆ ಮಷೀನು ನೆನಪಾಯಿತು.

"ಕೇಳಿಸಲಿಲ್ಲ ಸರ್."

"ಇನ್ನೊಂದ್ಸಲ ಕೇಳಿ."

"ಇಲ್ಲ ಸರ್. ನಿಜ ಹೇಳ್ಬೇಕಂದ್ರೆ, ಐದು ತಿಂಗಳಿಂದ ಯಾರದ್ದೂ ಕೇಳಿಸಿಲ್ಲ."

ನರ್ಸಮ್ಮ ಥರ್ಮಾಮೀಟರ್ ಹೊರಗೆಳೆದಳು, ಮೀಸೆಯವನಿಗೆ ಬಾಯಿ ಬಂತು.

"ನಾನು ಬಸ್ ಡ್ರೈವರ್ರು. ಕಾಲು ಬಾತು ಜ್ವರ ಬಂದಿದೆ ಅಂತ ಸೇರ್ಕೊಂಡಿದ್ದು. ಇಲ್ಲಿದ್ದ ಎದೆ ಕಾಯಿಲೆ ತಾತನ್ನ ಇವತ್ತು ಬೆಳಿಗ್ಗೆ ಕಿಟಕಿ ಪಕ್ಕ ಹಾಕಿದ್ದಾರೆ, ಚೀಟಿ ಮಾತ್ರ ಇಲ್ಲೇ ಬಿಟ್ಟಿದ್ದಾರೆ. ಆಗಿಂದ ಹೇಳಕ್ಕೆ ನೋಡ್ತಿದ್ದೀನಿ, ಯಾರು ಬಿಡ್ತೀರಿ?"

ಕಂಕುಳವರೆಗೆ ಕೇಳಿಸಿಕೊಂಡವನು ನೆಲದ ಟೈಲ್ಸ್ ಎಣಿಸತೊಡಗಿದ. ಮುಖ್ಯಸ್ಥರ ಕಿವಿ ಕೆಂಪಾಯಿತು. "ನೀವು ನನ್ನ ರೂಮಿಗೆ ಬನ್ನಿ," ಎಂದರು ಹೂಂಗುಟ್ಟಿಗೆ. ಆರು ತಿಂಗಳು ಗ್ಯಾರಂಟಿ ಎಂದುಕೊಂಡು ಅವಳು ಹಿಂದೆ ನಡೆದಳು.

ಮುಖ್ಯಸ್ಥರು ಬಾಗಿಲು ಹಾಕಿ ಸ್ಟೆತಾಸ್ಕೋಪನ್ನು ಕೈಗೆ ಸುತ್ತುತ್ತ ಕುಳಿತರು.

"ಎರಡು ವರ್ಷದಿಂದ ನನಗೂ ಸರಿಯಾಗಿ ಕೇಳಿಸ್ತಿಲ್ಲ ಕಣಮ್ಮ. ಚೀಟಿ ನೋಡ್ತೀನಿ, ಕಣ್ಣು ಮುಚ್ತೀನಿ. ಅನುಮಾನ ಬರ್ತಿತ್ತು. ಆದ್ರೆ ನೀವೆಲ್ಲ ಕೇಳಿಸ್ತು ಕೇಳಿಸ್ತು ಅಂತಿದ್ರಲ್ಲ, ಹಾಗಾದ್ರೆ ನನಗೂ ಕೇಳಿಸ್ತಿರಬೇಕು ಅಂದ್ಕೊಂಡೆ."

ಸ್ಕ್ಯಾನ್ ನೋಡದೆ ಅಲ್ಲಿ ಯಾರಿಗೂ ಔಷಧಿ ಕೊಡುತ್ತಿರಲಿಲ್ಲ, ರೋಗಿಗಳ ಪುಣ್ಯ. ಹೂಂಗುಟ್ಟಿಗೆ ಅವರ ಮೇಲೆ ಕನಿಕರ ಉಕ್ಕಿ ಬಂತು. ಅವರು ಪುಸ್ತಕ ಎಳೆದುಕೊಂಡು ಸಹಿ ಹಾಕಿದರು.

"ನಾಳೆಯಿಂದ ಸಾಲು ತಿರುಗಿಸೋಣ. ಮೊದಲು ನೀವು, ಕೊನೆಗೆ ನಾನು."

"ಸರ್, ನಮ್ಮ ಅಜ್ಜಿ ಕಿವಿಗೆ ಒಂದು ಮಷೀನು ಹಾಕಿಸ್ಕೊಂಡಿದ್ದಾರೆ."

"ಏನಂದ್ರಿ?"

ಅವಳು ಗಟ್ಟಿಯಾಗಿ ಹೇಳಿದಳು. ಮಷೀನಿನ ಅಂಗಡಿಯ ವಿಳಾಸ ಮುಖ್ಯಸ್ಥರಿಗೂ ಸಿಕ್ಕಿತು, ಹೊರಗಿದ್ದ ನರ್ಸುಗಳಿಗೂ ಸಿಕ್ಕಿತು.

ಅಲ್ಲಿಂದ ಅವಳು ನೇರ ಕಿಟಕಿ ಪಕ್ಕದ ತಾತನ ಬಳಿ ಹೋದಳು. ಈಗ ಹಿಂದೆ ಸಾಲಿಲ್ಲ, ಅವಸರವಿಲ್ಲ, ಹೂಂ ಅನ್ನಲೇಬೇಕೆಂಬ ಭಯವಿಲ್ಲ. ಎದೆಗೆ ಸ್ಟೆತಾಸ್ಕೋಪ್ ಇಟ್ಟು ಸುಮ್ಮನೆ ಕಾದಳು. ಲಬ್, ಸುಯ್, ಡಬ್. ಕುಕ್ಕರ್ ಕೂಗುವ ಮುಂಚೆ ಮೆಲ್ಲಗೆ ಸುಯ್ಗುಡುತ್ತದಲ್ಲ, ಥೇಟ್ ಹಾಗೆ. ಖುಷಿಗೆ ಅವಳ ಕಣ್ಣಲ್ಲಿ ನೀರು ತುಂಬಿತು.

ತಾತ ಹೆದರಿದ. "ಯಾಕಮ್ಮ ಅಳ್ತೀಯ? ಅಷ್ಟೊಂದು ಕೆಟ್ಟಿದೆಯಾ?"

"ಇಲ್ಲ ತಾತ," ಎಂದಳು ಹೂಂಗುಟ್ಟಿ, ಕಣ್ಣೊರೆಸಿಕೊಂಡು. "ಕೇಳಿಸ್ತು."