ಓದದೆ ದಾಟಿಸಿದ ಪುಟ

ನಮ್ಮ ಬಸವನಗುಡಿಯ ಮನೆಯಲ್ಲಿ ದಿನಪತ್ರಿಕೆ ಎರಡು ವರ್ಷದಿಂದ ಕಿವಿಗೆ ಬೀಳುವ ವಸ್ತುವಾಗಿದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ನಮ್ಮತ್ತೆಯವರಿಗೆ ದೃಷ್ಟಿ ಮಸುಕಾದ ಮೇಲೆ, ಎರಡನೆಯ ಕಾಫಿಯ ಹೊತ್ತಿಗೆ ಅವರು ಬೆತ್ತದ ಕುರ್ಚಿಯಲ್ಲಿ ಕೂರುವುದು, ನಾನು ಮೊದಲ ಪುಟದಿಂದ ಕ್ರಿಕೆಟ್ಟಿನವರೆಗೆ ಓದುವುದು, ನಡುನಡುವೆ ಅವರು ಮಂತ್ರಿಗಳನ್ನೆಲ್ಲ ಬೆಂಚಿನ ಮೇಲೆ ನಿಲ್ಲಿಸುವುದು, ಇದು ನಮ್ಮ ನಿತ್ಯವಿಧಿ.

ಶ್ರದ್ಧಾಂಜಲಿಯ ಪುಟವನ್ನು ಮಾತ್ರ ನಾನು ಓದುತ್ತಿರಲಿಲ್ಲ. "ಅಮ್ಮಂಗೆ ಬಿಪಿ ಇದೆ, ಸಾವಿನ ಸುದ್ದಿ ಎಲ್ಲಾ ಬೇಡ ಕಣೆ" ಎಂದಿದ್ದರು ನಮ್ಮೆಜಮಾನರು. ನನಗೂ ಸರಿಯೆನಿಸಿ, ಆ ಹಾಳೆಯನ್ನು ಪಕ್ಕದ ಹಾಳೆಗೆ ಸೇರಿಸಿ ಒಟ್ಟಿಗೆ ಮಗುಚುವ ಕೈಚಳಕ ಕಲಿತೆ. ಒಂಬತ್ತು ದಿನದ ಹಿಂದೆ ಅದೇ ಪುಟದಲ್ಲಿ ಮಲ್ಲೇಶ್ವರದ ಕಮಲಮ್ಮನವರ ಚಿತ್ರವಿತ್ತು. ಅತ್ತೆಯೊಡನೆ ಇಪ್ಪತ್ತು ವರ್ಷ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಹಂಚಿಕೊಂಡ ಗೆಳತಿ. ಅದನ್ನೂ ಮಗುಚಿದೆ, ಓದಾದ ಮೇಲೆ ಆ ಹಾಳೆಯನ್ನು ಬೇರೆಯಾಗಿ ಎತ್ತಿಟ್ಟೆ. ಆ ಮನೆಯಿಂದ ಬಂದ ಫೋನಿಗೆ "ಅಮ್ಮ ಮಲಗಿದ್ದಾರೆ" ಎಂದು ಯಜಮಾನರೇ ಉತ್ತರ ಕೊಟ್ಟರು.

ಮಧ್ಯಾಹ್ನಗಳಲ್ಲಿ ನಾವು ಕಾದಂಬರಿ ಓದುತ್ತೇವೆ. ಈ ಸಲದ್ದು ಮಗಳು ತಂದುಕೊಟ್ಟಿದ್ದು, ಎಲ್ಲೂ ಇಲ್ಲದ ಒಂದು ನಗರದ ಕಥೆ. ಅಲ್ಲಿ ಮನೆಮನೆಗೂ ದುಃಖವಿಲ್ಲದ ಪತ್ರಿಕೆ ಬರುತ್ತದೆ. ಒಬ್ಬ ಗುಮಾಸ್ತ ದಿನವೂ ಕತ್ತರಿ ಹಿಡಿದು ಕೂತು ಹಸಿವು, ಸೆರೆಮನೆ, ಸಾವು ಎಲ್ಲವನ್ನೂ ಅಂಚು ಹರಿಯದಂತೆ ಕತ್ತರಿಸಿ ತೆಗೆಯುತ್ತಾನೆ. ಕ್ರೂರಿಯಲ್ಲ, ತುಳಸಿಗೆ ನೀರೆರೆಯುವಷ್ಟು ಮೃದು. ಜನಕ್ಕೆ ನಿದ್ದೆ ಕೆಡಬಾರದು ಎಂಬುದಷ್ಟೇ ಅವನ ಕಾಳಜಿ. ಜನ ಚೆನ್ನಾಗಿಯೇ ನಿದ್ರಿಸುತ್ತಾರೆ. ಬರಬರುತ್ತ ಪ್ರಶ್ನೆ ಕೇಳುವುದನ್ನೇ ಮರೆಯುತ್ತಾರೆ.

ಇಂಥ ಕಥೆ ಬರೆಯುವವರ ಬಗ್ಗೆ ನನಗೆ ಬೆರಗು, ಸ್ನೇಹಿತರೇ. ದೆವ್ವದ ಕಥೆಯಲ್ಲಿ ಭಯ ಹುಣಸೇಮರದಿಂದ ಇಳಿದು ಬರುತ್ತದೆ, ಕದ ಹಾಕಿಕೊಂಡರಾಯಿತು. ಇವರು ತೋರಿಸುವ ಭಯ ನಮ್ಮದೇ ಮನೆಯ ಅಕ್ಕರೆಯ ದನಿಯಲ್ಲಿ ಮಾತಾಡುತ್ತದೆ. ಕೂಗಾಡುವ ಟಿವಿಯನ್ನೂ, ನನಗೆ ಒಬ್ಬಟ್ಟು ಇಷ್ಟವೆಂದು ತಿಳಿದು ದಿನವಿಡೀ ಒಬ್ಬಟ್ಟಿನ ವಿಡಿಯೋಗಳನ್ನೇ ಬಡಿಸುವ ಮೊಬೈಲನ್ನೂ, ಈ ಕಾಲದ ಗುಮಾಸ್ತರು ಇವೇ ಎಂದು ಬೈದುಕೊಂಡೇ ನಾನು ಓದುತ್ತಿದ್ದೆ. ನಿನ್ನೆ, ಗುಮಾಸ್ತ ಇನ್ನೊಂದು ಸಾವನ್ನು ಕತ್ತರಿಸಿದಾಗ, ಅತ್ತೆ ನಕ್ಕರು.

"ಎಷ್ಟು ಒಳ್ಳೇವ್ನು ಕಣೇ ಸುಮಾ ಇವ್ನು! ನಿನ್ ಥರಾನೇ."

"ಏನತ್ತೆ ಹಂಗಂದ್ರೆ?"

"ದಿನಾ ಒಂದ್ಸಲ ಎರಡು ಹಾಳೆ ಒಟ್ಟಿಗೆ ಮಗುಚ್ತೀಯ. ಸದ್ದು ದಪ್ಪ ಬರತ್ತೆ. ಕೊನೇ ಬೆಂಚಲ್ಲಿ ಚೀಟಿ ದಾಟಿಸೋ ಸದ್ದು ಕೇಳಿಸ್ಕೊಂಡಿರೋ ಕಿವಿ ಇದು."

ಎರಡು ವರ್ಷ ಕೇಳಿಸಿಕೊಂಡೂ ಸುಮ್ಮನಿದ್ದರು! "ಮತ್ತೆ ಯಾಕೆ ಕೇಳ್ಲಿಲ್ಲ ನೀವು?"

"ನೀನಾಗೇ ಓದ್ತೀಯೇನೋ ಅಂತ ಕಾಯ್ತಿದ್ದೆ."

ಒಬ್ಬರಿಂದ ಒಂದು ಸಾವನ್ನು ಮುಚ್ಚಿಟ್ಟರೆ ಅಳುವನ್ನು ಮಾತ್ರ ಉಳಿಸಿದಂತಲ್ಲ. ಅತ್ತಾದ ಮೇಲೆ ಮನಸ್ಸು ತಾನೇ ಯೋಚಿಸಿಕೊಳ್ಳುವ ಅಷ್ಟನ್ನೂ ಕಿತ್ತುಕೊಂಡಂತೆ. ಕಮಲಮ್ಮನವರ ವೈಕುಂಠ ಸಮಾರಾಧನೆಗೆ ಇನ್ನೆರಡೇ ದಿನವಿತ್ತು. ಅದೂ ದಾಟಿದರೆ, ಗೆಳತಿಯನ್ನು ಕಳಿಸಿಕೊಡುವ ಸರದಿಯನ್ನೇ ಅವರಿಂದ ಕತ್ತರಿಸಿಬಿಟ್ಟಂತಾಗುತ್ತಿತ್ತು.

ಬೀರುವಿನಲ್ಲಿ ಸೀರೆಗಳಡಿ ಇಟ್ಟಿದ್ದ ಪುಟ ತಂದು ಓದಿದೆ. ಹೆಸರು, ವಯಸ್ಸು, ದಿನ, ಜಾಗ. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಇನ್ನೊಂದ್ಸಲ ಓದು. ನಿಧಾನವಾಗಿ."

ಓದಿದೆ.

"ನಾಡಿದ್ದು ಬೆಳಿಗ್ಗೆ ಆಟೋಗೆ ಹೇಳು. ನಿನ್ ಗಂಡಂಗೆ ನಾನೇ ಹೇಳ್ಕೋತೀನಿ, ನನ್ ಬಿಪಿನ ನಾನ್ ನೋಡ್ಕೋತೀನಿ ಅಂತ." ಕಣ್ಣೊರೆಸಿಕೊಂಡು ಕುರ್ಚಿಯಲ್ಲಿ ನೆಟ್ಟಗಾದರು. "ಆ ಪುಟದಲ್ಲಿ ಇನ್ ಯಾರ್ಯಾರಿದಾರೆ? ಓದು, ಒಬ್ರನ್ನೂ ಬಿಡ್ಬೇಡ."

ನಾವಿಬ್ಬರೂ ಎಂದೂ ಕಾಣದ ಏಳು ಜನರ ಹೆಸರುಗಳನ್ನು ಒಂದೊಂದಾಗಿ ಓದಿದೆ. ಪ್ರತಿ ಹೆಸರಿಗೂ ಅತ್ತೆ, ಹಾಜರಿ ತೆಗೆದುಕೊಳ್ಳುವವರಂತೆ, "ಹ್ಞೂಂ" ಎಂದರು.